ನಡುವೆ ಇಳಿದು ಹತ್ತುವವರಿಗೆ: ಲಂಡನ್ನೋ ಸಿಂಗಪುರವೋ

ಹಾಸನದಿಂದ ಚಿಕ್ಕಮಗಳೂರಿಗೆ ಹೋಗುವಾಗ ಬೇಲೂರಿನಲ್ಲಿಳಿದು ಗುಡಿ ನೋಡಿದರೆ, ಯುಪಿಐನಲ್ಲಿ ದುಡ್ಡು ಕೊಟ್ಟರೂ ಮುಂದಿನ ಬಸ್ಸಿಗೆ ಬೇರೆ ಟಿಕೆಟ್ಟೇ. ಮಕ್ಕಳನ್ನು ನೋಡಲು ವಿದೇಶಕ್ಕೆ ಹೊರಟ ನಮ್ಮೂರಿನವರೇ, ಅಲ್ಲಿ ಲೆಕ್ಕ ಬೇರೆ.

ಲಂಡನ್ ಬಸ್ಸಿನಲ್ಲಿ ಹತ್ತುವಾಗ ಮಾತ್ರ ಬಸ್ಸಿನ ಯಂತ್ರಕ್ಕೆ ಕಾರ್ಡ್ (ತಾಗಿಸಿ ದುಡ್ಡು ಕೊಡುವ ಬ್ಯಾಂಕ್ ಕಾರ್ಡ್ ಅಥವಾ ಪ್ರಯಾಣದ ಕಾರ್ಡ್) ತಾಗಿಸಬೇಕು. ಅಲ್ಲಿಂದ 1 ಗಂಟೆಯೊಳಗೆ ಎಷ್ಟು ಬಸ್ ಹತ್ತಿದರೂ ಎಲ್ಲಕ್ಕೂ ಸೇರಿ ಒಂದೇ ಟಿಕೆಟ್ಟಿನ ದರ. ನಡುವೆ ನಿಧಾನವಾಗಿ ಕಾಫಿ ಕುಡಿಯಬಹುದು; ಕೊನೆಯ ಬಸ್ಸನ್ನು ಗಂಟೆ ಮುಗಿಯುವ ಮುಂಚೆ ಹತ್ತಿದ್ದರೆ ಸಾಕು. ಹಿರಿಯರಿಗೆ ಇದೇ ಸುಲಭ.

ಸಿಂಗಪುರದಲ್ಲಿ ಇಳಿಯುವಾಗಲೂ ತಾಗಿಸಲೇಬೇಕು. ದರ ಒಟ್ಟು ದೂರಕ್ಕೆ. ಇಳಿದ 45 ನಿಮಿಷದೊಳಗೆ ಮುಂದಿನ ಬಸ್ ಹಿಡಿಯಬೇಕು. ಅದೇ ನಂಬರಿನ ಬಸ್ ಮತ್ತೆ ಹತ್ತಿದರೆ ಹೊಸ ಪ್ರಯಾಣ.

ಎರಡೂ ಕಡೆ ಗಂಡ-ಹೆಂಡತಿಗೆ ಬೇರೆ ಬೇರೆ ಕಾರ್ಡ್ ಬೇಕು. ಒಮ್ಮೆ ಕಾರ್ಡ್, ಒಮ್ಮೆ ಫೋನ್ ತಾಗಿಸಬೇಡಿ, ರಿಯಾಯಿತಿ ತಪ್ಪುತ್ತದೆ.