200 ಗ್ರಾಂ ಕ್ಲೋರಿನ್ ಬಿಲ್ಲೆ: 14 ತಿಂಗಳು ಬಳಸಿದ ಮೇಲೆ

ಮೈಸೂರಿನ ಹೊರಗೆ ಮನೆ ಕಟ್ಟಿಸಿದಾಗ ಮಕ್ಕಳ ಹಟಕ್ಕೆ ಹಿತ್ತಲಲ್ಲಿ ಒಂದು ಪೂಲ್ ಮಾಡಿಸಿದೆ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ನೀರು. ಹೆಚ್ಚುಕಡಿಮೆ 22,500 ಲೀಟರ್. ಹೋದ ವರ್ಷ ಜನವರಿಯಲ್ಲಿ ತುಂಬಿಸಿದ ದಿನ ಕೆಲಸದವರು ಒಂದು ಡಬ್ಬ ಬಿಲ್ಲೆ, ಅದನ್ನು ಒಳಗಿಟ್ಟು ನೀರಿಗೆ ಬಿಡುವ ಒಂದು ತೇಲುವ ಬುರುಡೆ ಕೈಗಿಟ್ಟು, "ವಾರಕ್ಕೆ ಎರಡು ಹಾಕಿ ಸಾರ್, ಮರೆತುಬಿಡಿ" ಅಂದರು.

ಮರೆತೇಬಿಟ್ಟೆ. ಅಷ್ಟು ಸಲೀಸು. ಬಿಲ್ಲೆ ನಿಧಾನಕ್ಕೆ ಕರಗುತ್ತದೆ, ನೀರು ಗಾಜಿನ ಹಾಗೆ ಇರುತ್ತದೆ. ಹೊಸ ಸಿಮೆಂಟ್ ಗೋಡೆ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಏರಿಸುತ್ತದೆ, ಈ ಬಿಲ್ಲೆ ಇಳಿಸುತ್ತದೆ. ಹಾಗಾಗಿ ಮೊದಲೆರಡು ತಿಂಗಳು ನನ್ನ ಪಿಎಚ್ ಏನೂ ಮಾಡದೆ 7.5ರ ಹತ್ತಿರ ನಿಂತಿತ್ತು. ನಾನೇ ಏನೋ ಸಾಧಿಸಿದೆ ಅಂದುಕೊಂಡಿದ್ದೆ!

ಯುಗಾದಿಗೆ ನೆಂಟರು ಬರುವವರಿದ್ದರು. ಹಿಂದಿನ ದಿನ ಬೆಳಗ್ಗೆ ನೋಡಿದರೆ ನೀರು ಹಸಿರು. ಅಮ್ಮ ಬಾಗಿಲಲ್ಲೇ ನಿಂತು, "ಏನೋ, ಬೇವು ರುಬ್ಬಿ ಸುರಿದಿದ್ದೀಯಾ?" ಅಂದರು. ಕ್ಲೋರಿನ್ ಅಳೆದೆ. 3 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 3 ಭಾಗ), ಸರಿಯಾಗೇ ಇದೆ. ಮತ್ತೆ ಪಾಚಿ ಯಾಕೆ? ಅಂಗಡಿಯವನು ಇನ್ನೂ ನಾಲ್ಕು ಬಿಲ್ಲೆ ಹಾಕಿ ಅಂದ.

ಸದ್ಯ, ಹಾಕಲಿಲ್ಲ. ನೀರಲ್ಲಿ ಕ್ಲೋರಿನ್ ಹಿಡಿದಿಡುವ ಸ್ಟೆಬಿಲೈಸರ್ ಎಷ್ಟಿದೆ ಅಂತ ಅಳೆಯುವ ಕಿಟ್ ತರಿಸಿದೆ. ಪೂಲ್ ನೀರಿಗೆ ಅವರ ದ್ರಾವಣ ಸೇರಿಸಿದರೆ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗುತ್ತದೆ. ಅದನ್ನು ಒಂದು ಕೊಳವೆಗೆ ಸ್ವಲ್ಪಸ್ವಲ್ಪ ಹುಯ್ಯುತ್ತಾ ಮೇಲಿಂದ ಬಗ್ಗಿ ನೋಡಬೇಕು. ತಳದ ಕಪ್ಪು ಚುಕ್ಕೆ ಎಲ್ಲಿ ಮಾಯವಾಗುತ್ತದೋ ಅಲ್ಲಿ ಅಂಕಿ ಓದಬೇಕು. ನನ್ನದು ಒಂದಿಷ್ಟು ಹುಯ್ಯುವಷ್ಟರಲ್ಲೇ ಮಾಯ. 100.

ಇಲ್ಲೇ ನನಗೆ ಸಿಟ್ಟು ಬಂದಿದ್ದು. ಈ ಬಿಲ್ಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಯನೂರಿಕ್ ಆಸಿಡ್ಡೇ. ಸ್ಟೆಬಿಲೈಸರ್ ಅನ್ನುವುದು ಇದನ್ನೇ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಹಿಡಿಯಲು 30ರಿಂದ 50 ಇದ್ದರೆ ಸಾಕು. ಕ್ಲೋರಿನ್ ಖರ್ಚಾಗುತ್ತದೆ, ಇದು ಆಗಲ್ಲ, ನೀರಲ್ಲೇ ಉಳಿಯುತ್ತದೆ. ನನ್ನ ಪೂಲಿಗೆ ಒಂದು ಬಿಲ್ಲೆ ಅಂದರೆ ಸುಮಾರು 5 ಪಿಪಿಎಂ ಸ್ಟೆಬಿಲೈಸರ್. ವಾರಕ್ಕೆ ಎರಡು, ಹತ್ತು ವಾರ. ಲೆಕ್ಕ ನೀವೇ ಹಾಕಿ. ಅಷ್ಟು ಸೇರಿಕೊಂಡರೆ ಅದು ಕ್ಲೋರಿನ್ನನ್ನು ಪಾಚಿ ಕೊಲ್ಲಲೂ ಬಿಡದಂತೆ ಹಿಡಿದುಬಿಡುತ್ತದೆ, 3 ಪಿಪಿಎಂ ಇದ್ದೂ ಇಲ್ಲದ ಹಾಗೆ, 7ಕ್ಕಿಂತ ಮೇಲೆ ಬೇಕು. ಡಬ್ಬದ ಮೇಲೆ ಟ್ರೈಕ್ಲೋರೋ ಐಸೋಸಯನೂರಿಕ್ ಅಂತ ಹೆಸರೇನೋ ಇದೆ. ಅದರ ಅರ್ಥ ಒಬ್ಬರಾದರೂ ಹೇಳಬಾರದಿತ್ತಾ?

ಇದನ್ನು ಇಳಿಸಲು ಸುಲಭದ ಪುಡಿ, ದ್ರಾವಣ ಯಾವುದೂ ಇಲ್ಲ. ಅರ್ಧ ನೀರು ಚೆಲ್ಲಬೇಕು. ಮಾರ್ಚ್ ತಿಂಗಳಲ್ಲಿ, ಬೋರ್‌ವೆಲ್ ಕೆಮ್ಮುತ್ತಿರುವಾಗ! ತೆಂಗಿನ ಬುಡಕ್ಕೆ ಬಿಡೋಣ ಅಂದರೆ ಕ್ಲೋರಿನ್ ಭಯ. ಎರಡು ಟ್ಯಾಂಕರ್ ತರಿಸಿ, ಮೂರು ಸಂಜೆ ಸ್ಟೆಬಿಲೈಸರ್ ಇಲ್ಲದ ಲಿಕ್ವಿಡ್ ಕ್ಲೋರಿನ್ ಸುರಿದು, ಗೋಡೆ ಉಜ್ಜಿ, ಪಂಪ್ ನಿಲ್ಲಿಸದೆ ಓಡಿಸಿದ ಮೇಲೆ ತಳ ಕಾಣಿಸಿತು. ನೆಂಟರು ಒಬ್ಬಟ್ಟು ತಿಂದು ಹೊರಟುಹೋಗಿದ್ದರು.

ಹಾಗಂತ ಬಿಲ್ಲೆ ಬಿಸಾಡಿಲ್ಲ. ನಾಲ್ಕು ದಿನ ಊರಿಗೆ ಹೋಗುವಾಗ ಒಂದು ಹಾಕಿ ಹೋಗುತ್ತೇನೆ, ಅದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. 5ಕ್ಕೆ ಎರಡೂವರೆ ಕೊಡ್ತೀನಿ. ಅದೇ ಬುರುಡೆಗೆ ಬ್ಲೀಚಿಂಗ್ ಪೌಡರ್ ಮಾತ್ರ ಹಾಕಲೇಬೇಡಿ, ಬೆಂಕಿ ಹತ್ತಬಹುದು.

ಈಗ ದಿನಾ ಸಂಜೆ ಅರ್ಧ ಲೀಟರಿಗೆ ಹತ್ತಿರ ಲಿಕ್ವಿಡ್ ಕ್ಲೋರಿನ್. ಕ್ಯಾನ್ ನೆರಳಲ್ಲಿಡಬೇಕು, ಬಿಸಿಲಿಗೆ ಸತ್ವ ಹೋಗುತ್ತದೆ. ಬೆಳಗ್ಗೆ ಕಾಫಿ ಲೋಟ ಕಟ್ಟೆ ಮೇಲಿಟ್ಟು, ಮೊಣಕೈವರೆಗೆ ಕೈ ಇಳಿಸಿ ಕೊಳವೆಗೆ ನೀರು ತುಂಬುತ್ತೇನೆ. ಹನಿ ಹಾಕುವುದು ಮಗಳ ಕೆಲಸ. ಅವಳ ಪ್ರಕಾರ ತಿಳಿಸಾರಿನ ಬಣ್ಣ ಬಂದರೆ ಪಿಎಚ್ ಸರಿ, ಬೀಟ್‌ರೂಟ್ ಬಣ್ಣ ಬಂದರೆ ಅಪ್ಪ ಆಸಿಡ್ ತರಬೇಕು. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಆಸಿಡ್, ಉಲ್ಟಾ ಅಲ್ಲ. ಅದೂ ಅವಳೇ ನೆನಪಿಸುತ್ತಾಳೆ.

ಇವತ್ತು ತಿಳಿಸಾರು.