ಹೇಗ್‌ನ ಗ್ರಂಥಾಲಯ, ಬಸ್ಸಿನಲ್ಲಿ ಕೇಳಿದ ಪಾಠ, ಪಾಂಡಿಚೇರಿಯ ಫೋಟೊ: ಮೂರನ್ನೂ ಮಾಡಿ ನೋಡಿದೆ

ಪರಂಪರೆಗೆ ಸಂಬಂಧಪಟ್ಟ ಅಂತರರಾಷ್ಟ್ರೀಯ ಕಾನೂನು ಓದಬೇಕು, ಎಲ್ಲಿಂದ ಶುರು ಮಾಡಲಿ ಅಂತ ಈಚೆಗೆ ಇಬ್ಬರು ವಿದ್ಯಾರ್ಥಿಗಳು ಕೇಳಿದರು. ಒಬ್ಬರಿಗೆ ವಿದೇಶಕ್ಕೆ ಹೋಗೋ ಆಸೆ. ಇನ್ನೊಬ್ಬರ ಕೈಯಲ್ಲಿ ದುಡ್ಡಿಲ್ಲ. ಇಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಆಮೇಲೆ ಯಾಕೋ ಎರಡೂ ಅರ್ಧಂಬರ್ಧ ಅನ್ನಿಸಿತು.

ನನ್ನ ಎಲ್‌ಎಲ್‌ಎಂ ಪ್ರಬಂಧ ಕಳುವಾದ ದೇವರ ವಿಗ್ರಹಗಳ ಮೇಲೆ. ನಮ್ಮ ದೇವಸ್ಥಾನದಿಂದ ಕದ್ದ ಮೂರ್ತಿ ಹೊರದೇಶದ ಮ್ಯೂಸಿಯಮ್ಮಿನಲ್ಲಿ ಸಿಕ್ಕರೆ ಯಾವ ಕಾನೂನು ಹಿಡಿದು ವಾಪಸ್ ಕೇಳಬೇಕು? ಇದೊಂದೇ ಪ್ರಶ್ನೆಗೆ ಎರಡು ವರ್ಷದಲ್ಲಿ ಮೂರು ದಾರಿ ಹಿಡಿದೆ.

ಮೊದಲನೆಯದು ಬಿಟ್ಟಿ ದಾರಿ. ವಿಶ್ವಸಂಸ್ಥೆಯವರ ಆಡಿಯೊವಿಷುಯಲ್ ಲೈಬ್ರರಿ ಆಫ್ ಇಂಟರ್‌ನ್ಯಾಷನಲ್ ಲಾ ಅಂತ ಒಂದಿದೆ. ದೊಡ್ಡ ದೊಡ್ಡ ಪ್ರಾಧ್ಯಾಪಕರ ಉಪನ್ಯಾಸಗಳು, ಒಪ್ಪಂದಗಳ ಪಠ್ಯ, ಆ ಒಪ್ಪಂದ ಹುಟ್ಟಿದ ಕಥೆ, ಎಲ್ಲವೂ ಪುಕ್ಕಟೆ. ಮೈಸೂರು–ಬೆಂಗಳೂರು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಅರ್ಧ ಪಾಠಕ್ಕೆ ಮದ್ದೂರಿನಲ್ಲೇ ನಿದ್ದೆ ಬರುತ್ತಿತ್ತು. ಆದರೂ ಬುನಾದಿ ಬಿದ್ದಿದ್ದು ಅಲ್ಲೇ. ಯುದ್ಧಕಾಲದಲ್ಲಿ ಸ್ಮಾರಕ ಕಾಪಾಡೋದಕ್ಕೆ 1954ರ ಹೇಗ್ ಒಪ್ಪಂದ, ಕಳ್ಳಸಾಗಣೆಗೆ 1970ರ ಯುನೆಸ್ಕೊ ಒಪ್ಪಂದ, ಹಂಪಿಯಂಥ ತಾಣಗಳಿಗೆ 1972ರ ವಿಶ್ವ ಪರಂಪರೆ ಒಪ್ಪಂದ, ಕದ್ದ ಮಾಲನ್ನು ಮಾಲೀಕರೇ ನೇರವಾಗಿ ಕೋರ್ಟಿನಲ್ಲಿ ಕೇಳೋದಕ್ಕೆ 1995ರ ಯೂನಿಡ್ರಾಯ್ (ದೇಶದೇಶಗಳ ಖಾಸಗಿ ಕಾನೂನುಗಳನ್ನು ಹೊಂದಿಸೋ ಸಂಸ್ಥೆ) ಒಪ್ಪಂದ. ಮೊದಲ ಮೂರಕ್ಕೆ ಭಾರತ ಸೇರಿದೆ, ಕೊನೆಯದಕ್ಕೆ ಸೇರಿಲ್ಲ. ಈ ನಕ್ಷೆ ತಲೆಯಲ್ಲಿ ಕೂರೋದಕ್ಕೆ ಸುಮ್ನೆ ಸಾವಿರಾರು ರೂಪಾಯಿ ಕೊಡಬೇಕಾಗಿಲ್ಲ.

ಕೊರತೆ ಅಂದರೆ ಎದುರು ಪ್ರಶ್ನೆ ಕೇಳೋ ಹಾಗಿಲ್ಲ. 1970ರ ಒಪ್ಪಂದದ 7ನೇ ವಿಧಿಯನ್ನು ಉಪನ್ಯಾಸಕರು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋದರು. ಮನೆಗೆ ಬಂದು ಪಠ್ಯ ತೆಗೆದು ಓದಿದರೆ ಕಣ್ಣಿಗೆ ಬಿದ್ದಿದ್ದು ಬೇರೆಯೇ. ಕದ್ದ ವಸ್ತುವನ್ನು ತರಿಸಿಕೊಳ್ಳಬಾರದು, ಸರಿ. ಆದರೆ ಆ ವಸ್ತು ಇಂಥ ಮ್ಯೂಸಿಯಮ್ ಅಥವಾ ಇಂಥ ಗುಡಿಯ ಪಟ್ಟಿಯಲ್ಲಿ ದಾಖಲಾಗಿರಬೇಕು. ವಾಪಸ್ ಕೇಳೋ ದೇಶವೇ ಸಾಕ್ಷಿ ಒದಗಿಸಬೇಕು, ಅದೂ ತನ್ನ ಖರ್ಚಿನಲ್ಲಿ. ಗೊತ್ತಿಲ್ಲದೆ ಕೊಂಡವರಿಗೆ ಪರಿಹಾರವನ್ನೂ ಕೊಡಬೇಕು. ನಮ್ಮ ಎಷ್ಟು ಊರಿನ ಗುಡಿಗಳಲ್ಲಿ ಅಂಥ ಪಟ್ಟಿ ಇದೆ? ಅಲ್ಲಿಂದಲೇ ನನ್ನ ಪ್ರಬಂಧದ ದಿಕ್ಕು ಬದಲಾಯಿತು.

ಎರಡನೆಯದು ನೆದರ್ಲೆಂಡ್ಸ್‌ನ ಹೇಗ್. ಅಲ್ಲಿನ ಅಂತರರಾಷ್ಟ್ರೀಯ ಕಾನೂನು ಅಕಾಡೆಮಿಯ ಬೇಸಿಗೆ ಕೋರ್ಸಿಗೆ ಮೂರು ವಾರ ಹೋಗಿದ್ದೆ. ಈ ಅಕಾಡೆಮಿ 1923ರಿಂದ ಪಾಠ ಮಾಡುತ್ತಿದೆ. ಒಂದನೇ ನಂಬರಿನ ಟ್ರಾಮ್ ಹತ್ತಿದರೆ ಪೀಸ್ ಪ್ಯಾಲೆಸ್ ಮುಂದೆಯೇ ಇಳಿಯಬಹುದು. ಆಂಡ್ರ್ಯೂ ಕಾರ್ನೆಗಿ ಕೊಟ್ಟ 15 ಲಕ್ಷ ಡಾಲರ್‌ನಲ್ಲಿ ಕಟ್ಟಿ 1913ರಲ್ಲಿ ತೆರೆದ ಕಟ್ಟಡ. ಅಂತರರಾಷ್ಟ್ರೀಯ ನ್ಯಾಯಾಲಯ ಕೂರೋದೂ ಅಲ್ಲೇ. ಮೊದಲ ದಿನ ಗೇಟಿನ ಹತ್ತಿರ ನಿಂತು ಫೋಟೊ ತೆಗೆಸಿಕೊಂಡೆ, ಎಲ್ಲರೂ ತೆಗೆಸಿಕೊಳ್ಳೋ ಹಾಗೆ. ಖರ್ಚು ಮಾತ್ರ ಜಾಸ್ತಿ. ವೀಸಾ, ವಿಮಾನ, ರೂಮು ಅಂತ ಎಲ್ಲ ಸೇರಿ ನನ್ನ ಉಳಿತಾಯ ಖಾಲಿಯಾಯಿತು. ಕಾಪಾಡಿದ್ದು ಸುರಿನಾಮ್‌ನಿಂದ ಬಂದು ನೆಲೆಸಿದವರ ರೋಟಿ ಅಂಗಡಿಗಳು. ಒಂದು ರೋಟಿ, ಆಲೂಗಡ್ಡೆ ಪಲ್ಯ ತಿಂದರೆ ರಾತ್ರಿಯವರೆಗೆ ಹೊಟ್ಟೆ ಕೇಳುತ್ತಿರಲಿಲ್ಲ.

ತರಗತಿಯ ಪಾಠ ಬಸ್ಸಿನಲ್ಲಿ ಕೇಳಿದ್ದಕ್ಕಿಂತ ತೀರಾ ಬೇರೆ ಅನ್ನಿಸಲಿಲ್ಲ. ಅಕಾಡೆಮಿಯ ಉಪನ್ಯಾಸಗಳು ಆಮೇಲೆ ಪುಸ್ತಕವಾಗಿಯೂ ಬರುತ್ತವೆ. ಮಾಲಿ ದೇಶದ ಟಿಂಬಕ್ಟುವಿನ ಹಳೆಯ ಗೋರಿಗಳನ್ನು ಒಡೆಸಿದ ಅಲ್ ಮಹ್ದಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 9 ವರ್ಷ ಶಿಕ್ಷೆ ಕೊಟ್ಟಿತಲ್ಲ, ಆ ತೀರ್ಪನ್ನು ಓದೋದಕ್ಕೂ ಹೇಗ್‌ಗೆ ಹೋಗಬೇಕಾಗಿಲ್ಲ, ಮೊಬೈಲಿನಲ್ಲೇ ಸಿಗುತ್ತದೆ. ಹೋಗಿದ್ದು ಸಾರ್ಥಕ ಅನ್ನಿಸಿದ್ದು ಎರಡು ವಿಷಯಕ್ಕೆ.

ಒಂದು, ಗ್ರಂಥಾಲಯ. ಬೇಕಾದ ಪುಸ್ತಕಕ್ಕೆ ಬೇಡಿಕೆ ಕೊಟ್ಟು ಕಾಯಬೇಕು, ಬಂದಮೇಲೆ ಹಸಿರು ತೋಟದ ಪಕ್ಕ ಕೂತು ಓದಬೇಕು. ಕಳುವಾದ ಕಲಾವಸ್ತುಗಳ ವಾಪಸಾತಿಗೆ 1930ರ ದಶಕದಲ್ಲೇ ರಾಷ್ಟ್ರಸಂಘದ (ವಿಶ್ವಸಂಸ್ಥೆಗೂ ಮೊದಲಿದ್ದ ಸಂಸ್ಥೆ) ಮ್ಯೂಸಿಯಮ್ ಕಚೇರಿ ಕರಡು ತಯಾರಿಸಿತ್ತು ಅಂತ ನನಗೆ ಗೊತ್ತಾಗಿದ್ದು ಅಲ್ಲಿ. 1933ರಲ್ಲಿ ಒಂದು, 1936ರಲ್ಲಿ ಒಂದು, 1939ರಲ್ಲಿ ಇನ್ನೊಂದು. ಅಷ್ಟರಲ್ಲಿ ಯುದ್ಧ ಬಂತು, ಕರಡು ಮೂಲೆ ಸೇರಿತು. 1970ರ ಒಪ್ಪಂದ ಆಕಾಶದಿಂದ ಉದುರಿದ್ದಲ್ಲ ಅಂತ ಅರ್ಥವಾಗೋದಕ್ಕೆ ಇಂಥದ್ದು ಬೇಕು.

ಇನ್ನೊಂದು, ಊಟದ ಮೇಜು. ನಮ್ಮ ಗುಂಪಿನಲ್ಲಿ ಥಾಯ್ಲೆಂಡಿನ ಹುಡುಗಿ ಒಬ್ಬಳು, ಕಾಂಬೋಡಿಯದ ಹುಡುಗ ಒಬ್ಬ. ಆ ಎರಡು ದೇಶಗಳ ಗಡಿಯಲ್ಲಿರೋ ಪ್ರೆಯಾ ವಿಹಾರ್ ಅನ್ನೋ ಶಿವನ ಗುಡಿ ಯಾರಿಗೆ ಸೇರಿದ್ದು ಅಂತ ಇದೇ ಅರಮನೆಯಲ್ಲಿ 1962ರಲ್ಲಿ ತೀರ್ಪಾಗಿತ್ತು. ಗುಡಿ ಕಾಂಬೋಡಿಯಕ್ಕೆ ಹೋಯಿತು. ಕಾರಣ ಏನು ಗೊತ್ತಾ? ಆಗ ಕಾಂಬೋಡಿಯ ಆಳುತ್ತಿದ್ದ ಫ್ರೆಂಚರ ಅಧಿಕಾರಿಗಳು 1907ರಲ್ಲಿ ಮಾಡಿದ ಒಂದು ನಕ್ಷೆ. ಗಡಿ ಬೆಟ್ಟದ ನೀರು ಎರಡು ಕಡೆಗೆ ಬೇರೆಯಾಗೋ ಅಂಚಿನಲ್ಲೇ ಹೋಗಬೇಕು ಅಂತ ಒಪ್ಪಂದವಿತ್ತು, ನಕ್ಷೆ ಮಾತ್ರ ಬೇರೆ ಹೇಳಿತ್ತು. ಅದರಲ್ಲಿ ಗುಡಿ ಕಾಂಬೋಡಿಯದ ಕಡೆ ಇತ್ತು. ಥಾಯ್ಲೆಂಡ್ ವರ್ಷಗಟ್ಟಲೆ ತಕರಾರು ಎತ್ತಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತೀವಲ್ಲ, ಹೆಚ್ಚೂಕಡಿಮೆ ಅದೇ ಮಾತನ್ನು ಕೋರ್ಟೂ ಹೇಳಿತು. ಆ ಹುಡುಗಿ ಚಮಚದಿಂದ ಮೇಜಿನ ಮೇಲೆ ಬೆಟ್ಟದ ಅಂಚು ಬರೆದು, "ನೀರು ಹರಿಯೋದು ಈ ಕಡೆ, ನಕ್ಷೆಯೇ ತಪ್ಪು" ಅಂದಳು. "ಹಾಗಾದರೆ ಆಗಲೇ ಹೇಳಬೇಕಿತ್ತು" ಅಂದ ಅವನು. ಇಬ್ಬರೂ ಕಾಫಿ ತಣ್ಣಗಾದ ಮೇಲೇ ಎದ್ದರು. ಇಂಥ ಪಾಠ ಯಾವ ವಿಡಿಯೊದಲ್ಲೂ ಸಿಗೋದಿಲ್ಲ.

ಮೂರನೆಯದು ಪಾಂಡಿಚೇರಿ. ಕಾನೂನು ಓದೋರಿಗೆ ಯಾರೂ ಇದನ್ನು ಹೇಳಿಕೊಡೋದಿಲ್ಲ. 1955ರಲ್ಲಿ ಶುರುವಾದ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನಲ್ಲಿ ದಕ್ಷಿಣ ಭಾರತದ ಗುಡಿಗಳ, ಅದರಲ್ಲೂ ತಮಿಳುನಾಡಿನ ಗುಡಿಗಳ, ಲಕ್ಷಕ್ಕೂ ಹೆಚ್ಚು ಫೋಟೊಗಳಿವೆ. ವಿದ್ವಾಂಸರು ಶಿಲ್ಪ ನೋಡೋದಕ್ಕೆ ತೆಗೆಸಿದ್ದು. ಕಳ್ಳರನ್ನು ಹಿಡಿಯೋ ಯೋಚನೆ ಆಗ ಯಾರಿಗೂ ಇರಲಿಲ್ಲ. ಶ್ರೀಪುರಂದಾನ್ ಗುಡಿಯ ನಟರಾಜನನ್ನು ಆಸ್ಟ್ರೇಲಿಯದ ನ್ಯಾಷನಲ್ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. ಅದು ಕದ್ದ ಮಾಲು ಅಂತ ತೋರಿಸೋದಕ್ಕೆ ನೆರವಾದದ್ದು ಈ ಸಂಗ್ರಹದ ಫೋಟೊ. 2014ರಲ್ಲಿ ನಟರಾಜ ಭಾರತಕ್ಕೆ ಬಂದ.

ಇದಕ್ಕೂ ಮೊದಲು ತಮಿಳುನಾಡಿನಿಂದ ಲಂಡನ್ನಿಗೆ ಹೋಗಿದ್ದ ಪತ್ತೂರು ನಟರಾಜನ ಕಥೆ ಇನ್ನೂ ಕಷ್ಟದ್ದು. ಅದು ಮಣ್ಣಿನಡಿ ಹೂತಿದ್ದ ವಿಗ್ರಹ, ಹೀಗಾಗಿ ಫೋಟೊ ಅನ್ನೋದೇ ಇಲ್ಲ. ಅದೇ ಜಾಗದಲ್ಲಿ ಸಿಕ್ಕ ಬೇರೆ ವಿಗ್ರಹಗಳ ಜೊತೆ ಹೋಲಿಸಿ ತಜ್ಞರು ಲಂಡನ್ನಿನ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಯಿತು. ಪಾಳುಬಿದ್ದ ಗುಡಿಯೂ ದಾವೆ ಹೂಡಬಹುದು ಅಂತ ಅಲ್ಲಿನ ಮೇಲ್ಮನವಿ ನ್ಯಾಯಾಲಯ 1991ರಲ್ಲಿ ಒಪ್ಪಿತು. ಆ ತೀರ್ಪು ಓದುವಾಗ ಮೈ ಜುಮ್ಮೆನ್ನುತ್ತದೆ. ಒಂದು ಫೋಟೊ ಇದ್ದಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತೋ ಅಂತಲೂ ಅನ್ನಿಸುತ್ತದೆ.

ಪಾಂಡಿಚೇರಿಗೆ ಬಸ್ಸು, ನಾಲ್ಕು ದಿನದ ಲಾಡ್ಜು, ಎರಡು ಹೊತ್ತು ಇಡ್ಲಿ. ಹೇಗ್‌ನ ಒಂದು ವಾರದ ರೂಮು ಬಾಡಿಗೆಯೂ ಆಗಲಿಲ್ಲ. ಆದರೆ ಒಂದು ಮಾತು. ಒಪ್ಪಂದ ಓದದೆ ಅಲ್ಲಿಗೆ ಹೋದರೆ ಅವು ಸುಮ್ನೆ ಚೆಂದದ ಕಪ್ಪು ಬಿಳುಪು ಚಿತ್ರಗಳು, ಅಷ್ಟೇ. 7ನೇ ವಿಧಿ ಓದಿಕೊಂಡು ಹೋಗಿದ್ದರಿಂದ ನನಗೆ ಒಂದೊಂದು ಫೋಟೊವೂ ಕೋರ್ಟಿನ ಕಾಗದದಂತೆ ಕಾಣಿಸಿತು. ಮೊದಲ ದಾರಿ ಬಿಟ್ಟು ನೇರವಾಗಿ ಮೂರನೆಯದಕ್ಕೆ ಹಾರಬೇಡಿ ಅನ್ನೋದು ಅದಕ್ಕೇ. ಎರಡನೆಯದನ್ನು ಮಾತ್ರ ವಿದ್ಯಾರ್ಥಿವೇತನ ಸಿಕ್ಕರೆ ನೋಡಿ. ಸಾಲ ಮಾಡಿ ಹೋಗೋವಷ್ಟೇನಿಲ್ಲ.

ನಮ್ಮೂರ ಗುಡಿಯ ಫೋಟೊ ಆ ಸಂಗ್ರಹದಲ್ಲಿ ಸಿಗಲಿಲ್ಲ. ಊರಿಗೆ ಬಂದು ಅರ್ಚಕರ ಹತ್ತಿರ ಚರಾಸ್ತಿ ಪಟ್ಟಿ ಕೇಳಿದೆ. ರಟ್ಟಿನ ಪುಸ್ತಕ ತಂದುಕೊಟ್ಟರು. "ಉತ್ಸವಮೂರ್ತಿ, ಪಂಚಲೋಹ, 1" ಅಂತ ಒಂದೇ ಸಾಲು. ಎತ್ತರ ಇಲ್ಲ, ತೂಕ ಇಲ್ಲ. ಕೊನೆಗೆ ಮೂರ್ತಿಯ ಮುಖ ಚೆನ್ನಾಗಿ ಕಂಡಿದ್ದು ನಮ್ಮ ಚಿಕ್ಕಪ್ಪನ ಮದುವೆ ಆಲ್ಬಮ್‌ನಲ್ಲಿ, ಅದೂ ಹೂವಿನ ಹಾರದ ಹಿಂದೆ.

ಕಲಾವಸ್ತು ದಾಖಲಿಸೋದಕ್ಕೆ ಆಬ್ಜೆಕ್ಟ್ ಐಡಿ ಅಂತ 1997ರಲ್ಲಿ ಬಂದ ಒಂದು ಮಾದರಿ ಇದೆ. ಅದರಲ್ಲಿ ಅಳತೆ, ಲೋಹ, ಬರಹದ ಜೊತೆಗೆ ಗುರುತಿನ ಚಿಹ್ನೆಯನ್ನೂ ಕೇಳುತ್ತಾರೆ. ಒಡೆದದ್ದು, ಸವೆದದ್ದು, ರಿಪೇರಿ ಮಾಡಿದ್ದು, ಯಾವುದಾದರೂ ಆದೀತು. ಆ ಹಾಳೆ ಹಿಡಿದು, "ಅರ್ಚಕರೇ, ಸ್ವಾಮಿಗೆ ಎಲ್ಲಾದರೂ ಊನ ಇದೆಯಾ?" ಅಂತ ಅಳುಕುತ್ತಲೇ ಕೇಳಿದೆ. ಅವರು ನಕ್ಕು, ಹಾರ ಸರಿಸಿ, ಪೀಠದ ಹಿಂದೆ ಬೆರಳಿಟ್ಟು ತೋರಿಸಿದರು. ನಮ್ಮ ತಾತನ ಕಾಲದಲ್ಲಿ ಹಾಕಿಸಿದ ಒಂದು ಬೆಸುಗೆ. ಬರೆದುಕೊಂಡೆ.