ಹಿತ್ತಲ ಬೇವಿನಿಂದ ಹಲಗೆ: ಕಲಬುರಗಿಯ ಒಂದು ಸಾಮಿಲ್
ಈ ಸಾಮಿಲ್‌ನಲ್ಲಿ ಕೊಯ್ತ ಅಚ್ಚುಕಟ್ಟು. ಬ್ಯಾಂಡ್‌ಸಾ (ಪಟ್ಟಿ ಗರಗಸ) ಆದ್ದರಿಂದ ಪ್ರತಿ ಗೆರೆಗೆ 2–3 ಮಿ.ಮೀ. ಮಾತ್ರ ಹೊಟ್ಟಾಗುತ್ತದೆ, ಚಕ್ರದ ಗರಗಸದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು. ದಿಮ್ಮಿಯಲ್ಲಿ ಮೊಳೆ ಸಿಕ್ಕರೆ ಬ್ಲೇಡಿನ ದುಡ್ಡು ನಿಮ್ಮದೇ, ಬಟ್ಟೆ ತಂತಿ ಕಟ್ಟಿದ್ದ ಭಾಗವನ್ನು ಮೊದಲೇ ಕತ್ತರಿಸಿ ತೆಗೆಸಿ. ಮರ ಕಡಿಯುವವರಿಗೂ ಏಳೂವರೆ ಅಡಿ ತುಂಡು ಬೇಕೆಂದು ಮುಂಚೆಯೇ ಹೇಳಬೇಕು, ಇಲ್ಲದಿದ್ದರೆ ಸೌದೆ ಅಳತೆಗೆ ತುಂಡರಿಸಿಬಿಡುತ್ತಾರೆ. ಬಾಗಿಲ ಚೌಕಟ್ಟಿನ ಆಸೆ ಅಲ್ಲಿಗೇ ಮುಗಿಯಿತು. ಅನುಮತಿ ಪತ್ರ ತೋರಿಸದೆ ಸಾಮಿಲ್‌ನವರು ದಿಮ್ಮಿ ಇಳಿಸಿಕೊಳ್ಳುವುದಿಲ್ಲ, ಅದು ಸರಿಯೇ.

ದೊಡ್ಡ ಕೊರತೆಯೆಂದರೆ ಹಸಿ ದಿಮ್ಮಿಗಳನ್ನು ಬಿಸಿಲಲ್ಲೇ ಬಿಡುತ್ತಾರೆ. ಇಲ್ಲಿಯ ಏಪ್ರಿಲ್ ಬಿಸಿಲಿಗೆ ತುದಿ ಒಡಲಿಗಿಂತ ಬೇಗ ಒಣಗಿ ಸೀಳುತ್ತದೆ. ಕಡಿದ ದಿನವೇ ಎರಡೂ ತುದಿಗೆ ಆಯಿಲ್ ಪೇಂಟ್ ದಪ್ಪಗೆ ಬಳಿಯಿರಿ. ಕೊಯ್ದ ಹಲಗೆಗಳ ನಡುವೆ 2 ಅಡಿಗೊಂದರಂತೆ 1 ಇಂಚಿನ ಒಣ ಪಟ್ಟಿ ಇಟ್ಟು, ನೆರಳಲ್ಲಿ ಪೇರಿಸಿ, ಮೇಲೆ ಶಹಾಬಾದ್ ಕಲ್ಲು ಹೇರಿ.